ಕುರ್ಚಿ ಯಾಕೆ ಸೊಟ್ಟ ಬಂತು? ಹೊಸದಾಗಿ ಚಿತ್ರ ಬಿಡಿಸುವವರಿಗೆ ಬುನಾದಿಯ ಪಾಠ

ನಾನು ಚಿತ್ರ ಬಿಡಿಸಲು ಶುರು ಮಾಡಿದ್ದು ಫೋಟೊ ನೋಡಿ ಮುಖ ಬಿಡಿಸುವುದರಿಂದ. ಫೋಟೊ ಮೇಲೆ ಚೌಕಗಳನ್ನು ಎಳೆಯುವುದು, ಹಾಳೆಯ ಮೇಲೂ ಅಷ್ಟೇ ಚೌಕ ಹಾಕುವುದು, ಒಂದೊಂದು ಚೌಕದಲ್ಲಿ ಇದ್ದದ್ದನ್ನು ಹಾಗೇ ಇಳಿಸುವುದು. ವಾರವಿಡೀ ಕೂತು ಮಾಡಿದರೆ ಮುಖ ಹೆಚ್ಚುಕಮ್ಮಿ ಫೋಟೊ ಥರಾನೇ ಬರುತ್ತಿತ್ತು. ನೋಡಿದವರು ಹೊಗಳುತ್ತಿದ್ದರು. ನನಗೂ ಕೈ ಪಳಗಿತು ಅನ್ನಿಸಿತ್ತು.

ಒಂದು ಸಂಜೆ ಸುಮ್ನೆ ಎದುರಿಗಿದ್ದ ಮರದ ಕುರ್ಚಿಯನ್ನು ಬಿಡಿಸಲು ಕೂತೆ. ಫೋಟೊ ಇಲ್ಲ, ಚೌಕ ಇಲ್ಲ. ಒಂದು ಗಂಟೆ ಒದ್ದಾಡಿದ ಮೇಲೆ ಹಾಳೆಯ ಮೇಲೆ ಇದ್ದದ್ದು ಕುರ್ಚಿ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಅದರಲ್ಲಿ ಯಾರಾದರೂ ಕೂತರೆ ಮುಂದಕ್ಕೆ ಜಾರಿ ಬೀಳಬೇಕು, ಹಾಗಿತ್ತು. ಅಳಿಸಿದೆ, ತಿದ್ದಿದೆ, ಇನ್ನೂ ಕೆಟ್ಟಿತು. ಕೊನೆಗೆ ಮರದ ಎಳೆಗಳನ್ನೆಲ್ಲ ಚೆನ್ನಾಗಿ ಶೇಡ್ ಮಾಡಿ ತಪ್ಪು ಮುಚ್ಚಲು ನೋಡಿದೆ. ಆಗ ಅದು ಚೆನ್ನಾಗಿ ಶೇಡ್ ಮಾಡಿದ ಮುರುಕು ಕುರ್ಚಿ ಆಯಿತು.

ಕುರ್ಚಿ ಸೊಟ್ಟ ಆದದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಯಾಕೆ ಸೊಟ್ಟ ಆಯಿತು ಅಂತ ಹೇಳಲು ಬಾರದ್ದಕ್ಕೆ ಬೇಜಾರಾಯಿತು. ಬುನಾದಿ ಕಲಿತರೆ ಸಿಗುವುದು ಅದೇ. ಕಲಿತ ಮೇಲೂ ತಪ್ಪಾಗುತ್ತದೆ, ಆದರೆ ಎಲ್ಲಿ ತಪ್ಪಾಗಿದೆ ಅಂತ ಬೆರಳಿಟ್ಟು ತೋರಿಸಲು ಬರುತ್ತದೆ. ಹಿಂದಿನ ಕಾಲು ಕೆಳಗೆ ಇಳಿದಿದೆ, ಕೂರುವ ಹಲಗೆ ಜಾಸ್ತಿ ಅಗಲ ಆಗಿದೆ, ನೆರಳು ಎರಡು ದಿಕ್ಕಿಗೆ ಬಿದ್ದಿದೆ. ಇಷ್ಟು ಹೇಳಲು ಬಂದರೆ ತಿದ್ದುವುದು ಕಷ್ಟವಲ್ಲ. ಬರದಿದ್ದರೆ 'ಏನೋ ಸರಿ ಇಲ್ಲ' ಅಂತ ಹಾಳೆ ಹರಿಯುವುದೊಂದೇ ದಾರಿ.

ಮುಂದೆ ಬರೆದಿರುವ ಹೆಜ್ಜೆಗಳು ನಾನು ತಡವಾಗಿ ಕಲಿತವು. ಮೊದಲೇ ಈ ಕ್ರಮದಲ್ಲಿ ಕಲಿತಿದ್ದರೆ ಒಂದೆರಡು ವರ್ಷ ಉಳಿಯುತ್ತಿತ್ತು.

ಸಾಮಾನಿನ ವಿಷಯ ಬೇಗ ಮುಗಿಸೋಣ

ಒಂದು ಎಚ್‌ಬಿ, ಒಂದು 2ಬಿ, ಒಂದು 4ಬಿ ಪೆನ್ಸಿಲ್. ಒಂದು ರಬ್ಬರ್. ಒಂದು ಕಟ್ಟು ಬಿಳಿ ಹಾಳೆ, ಮತ್ತೆ ಜೊತೆಗೆ ಒಯ್ಯಲು ಒಂದು ಸಣ್ಣ ಸ್ಕೆಚ್ ಬುಕ್. ಸಾಕು.

ಪೆನ್ಸಿಲ್ ಮೇಲಿನ ಈ ಅಕ್ಷರಗಳ ಅರ್ಥ ಸುಲಭ. ಪೆನ್ಸಿಲ್ ಕಡ್ಡಿ ಬರೀ ಗ್ರಾಫೈಟ್ ಅಲ್ಲ, ಅದಕ್ಕೆ ಜೇಡಿಮಣ್ಣು ಬೆರೆಸಿ ಸುಟ್ಟಿರುತ್ತಾರೆ. ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್. ಮಣ್ಣು ಕಡಿಮೆಯಾದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಅದು ಬಿ. ಇಪ್ಪತ್ತನಾಲ್ಕು ಪೆನ್ಸಿಲ್‌ಗಳ ಸೆಟ್ ತಗೊಂಡರೆ ಚಿತ್ರ ಸುಧಾರಿಸುತ್ತದೆ ಅಂತ ಅನ್ನಿಸುವುದು ಸಹಜ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದಿದ್ದೆ, ಆ ಸೆಟ್ಟಿನಲ್ಲಿ ಹದಿನೆಂಟು ಪೆನ್ಸಿಲ್ ಇನ್ನೂ ಚೂಪಾಗೇ ಇವೆ.

ಹೆಜ್ಜೆ 1: ಗೆರೆ ಭುಜದಿಂದ ಬರಲಿ

ಬರೆಯುವಾಗ ನಮ್ಮ ಬೆರಳು ಮತ್ತು ಮಣಿಕಟ್ಟು ಮಾತ್ರ ಆಡುತ್ತವೆ. ಸಣ್ಣ ಅಕ್ಷರಕ್ಕೆ ಅಷ್ಟು ಸಾಕು. ಚಿತ್ರಕ್ಕೆ ಸಾಲದು. ಮಣಿಕಟ್ಟನ್ನು ಹಾಳೆಗೆ ಒತ್ತಿ ಉದ್ದ ಗೆರೆ ಎಳೆದು ನೋಡಿ, ಅದು ತಾನಾಗಿಯೇ ಬಿಲ್ಲಿನ ಹಾಗೆ ಬಾಗುತ್ತದೆ. ಯಾಕೆಂದರೆ ಮಣಿಕಟ್ಟು ಒಂದು ಕೀಲು, ಕೈ ಅದರ ಸುತ್ತ ತಿರುಗುತ್ತದೆ. ಹಾಗಾಗಿ ಉದ್ದ ಗೆರೆ ಬೇಕಾದಾಗ ಮೊಣಕೈ, ಭುಜ ಎರಡನ್ನೂ ಆಡಿಸಬೇಕು.

ಇನ್ನೊಂದು ಚಟ ಎಲ್ಲರಿಗೂ ಇರುತ್ತದೆ. ಒಂದು ಗೆರೆಯನ್ನು ಹತ್ತು ಸಣ್ಣ ಸಣ್ಣ ಗೆರೆ ಸೇರಿಸಿ ಕೂದಲು ಕೂದಲಾಗಿ ಎಳೆಯುವುದು. ಧೈರ್ಯ ಸಾಲದೆ ಹೀಗಾಗುತ್ತದೆ. ಅದನ್ನು ಬಿಡಿಸುವ ಅಭ್ಯಾಸ ಹೀಗಿದೆ. ಹಾಳೆಯ ಮೇಲೆ ದೂರ ದೂರ ಎರಡು ಚುಕ್ಕಿ ಇಡಿ. ಪೆನ್ಸಿಲ್ ಹಾಳೆಗೆ ತಾಗಿಸದೆ ಗಾಳಿಯಲ್ಲೇ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಮೂರು ನಾಲ್ಕು ಸಲ ಕೈ ಓಡಿಸಿ. ಕಣ್ಣು ತಲುಪಬೇಕಾದ ಚುಕ್ಕಿಯ ಮೇಲಿರಲಿ, ಪೆನ್ಸಿಲ್ ತುದಿಯ ಮೇಲೆ ಬೇಡ. ಆಮೇಲೆ ಅದೇ ವೇಗದಲ್ಲಿ ಒಂದೇ ಉಸಿರಿಗೆ ಗೆರೆ ಎಳೆಯಿರಿ. ತಪ್ಪಿದರೆ ಬಿಡಿ, ಅಳಿಸಬೇಡಿ, ಮೇಲೆ ಮತ್ತೆ ತೀಡಬೇಡಿ. ಇನ್ನೆರಡು ಚುಕ್ಕಿ ಇಡಿ.

ಗೆರೆ ಚುಕ್ಕಿಗೆ ತಾಗದೆ ಆಚೀಚೆ ಹೋದರೂ ನೇರವಾಗಿ, ನಡುಗದೆ ಬಂದರೆ ಮೊದಲ ವಾರಕ್ಕೆ ಅದು ಗೆಲುವೇ. ಗುರಿ ಆಮೇಲೆ ಕೂಡಿಕೊಳ್ಳುತ್ತದೆ.

ಹೆಜ್ಜೆ 2: ಗೊತ್ತಿದ್ದದ್ದನ್ನು ಬಿಟ್ಟು ಕಂಡದ್ದನ್ನು ಬಿಡಿಸುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಚಿತ್ರ ಕೆಡುವುದು ಕೈಯಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಕೆಡುವುದು ಕಣ್ಣಿಂದ, ಇನ್ನೂ ಸರಿಯಾಗಿ ಹೇಳಬೇಕೆಂದರೆ ತಲೆಯಿಂದ.

ಮೇಜು ಚೌಕವಾಗಿದೆ ಅಂತ ತಲೆಗೆ ಗೊತ್ತು. ಆದರೆ ಕುರ್ಚಿಯಲ್ಲಿ ಕೂತು ಅದೇ ಮೇಜನ್ನು ನೋಡಿದರೆ ಅದರ ಮೇಲ್ಭಾಗ ಒಂದು ಚಪ್ಪಟೆ ಪಟ್ಟಿಯ ಹಾಗೆ ಕಾಣುತ್ತದೆ. ಕಣ್ಣು ಪಟ್ಟಿಯನ್ನು ನೋಡುತ್ತದೆ, ತಲೆ 'ಅದು ಚೌಕ ಕಣಯ್ಯಾ' ಅನ್ನುತ್ತದೆ, ಕೈ ತಲೆಯ ಮಾತು ಕೇಳಿ ಅಗಲ ಮಾಡುತ್ತದೆ. ನನ್ನ ಕುರ್ಚಿ ಜಾರುಬಂಡೆ ಆದದ್ದು ಹೀಗೆಯೇ. ಕಣ್ಣು ಅಂದರೆ ಬಾದಾಮಿ ಆಕಾರ, ಮರ ಅಂದರೆ ಕೋಲಿನ ಮೇಲೊಂದು ಮೋಡ ಅಂತ ಚಿಕ್ಕಂದಿನಲ್ಲೇ ತಲೆಯಲ್ಲಿ ಅಚ್ಚು ಬಿದ್ದಿರುತ್ತದೆ. ಎದುರಿಗೆ ಯಾವ ಮರವೇ ಇರಲಿ, ಕೈ ಆ ಅಚ್ಚನ್ನೇ ಒತ್ತುತ್ತದೆ.

ಈ ಅಚ್ಚನ್ನು ತಪ್ಪಿಸಲು ಮೂರು ಅಭ್ಯಾಸ ಮಾಡಿ.

ಮೊದಲನೆಯದು, ತಲೆಕೆಳಗು ಮಾಡಿ ಬಿಡಿಸುವುದು. ಬರೀ ಗೆರೆಗಳಲ್ಲಿರುವ ಯಾವುದಾದರೂ ಚಿತ್ರವನ್ನು ಉಲ್ಟಾ ಇಟ್ಟುಕೊಂಡು, ಹಾಗೇ ಉಲ್ಟಾ ನಕಲು ಮಾಡಿ. ಕಣ್ಣು ಯಾವುದು, ಮೂಗು ಯಾವುದು ಅಂತ ಹೆಸರು ಹಿಡಿಯಲು ತಲೆಗೆ ಕಷ್ಟವಾಗುತ್ತದೆ. ಗೆರೆ ಎಷ್ಟು ಬಾಗಿದೆ, ಪಕ್ಕದ ಗೆರೆಯಿಂದ ಎಷ್ಟು ದೂರ ಅಂತ ಮಾತ್ರ ಉಳಿಯುತ್ತದೆ. ಮುಗಿಸಿ ನೇರ ಮಾಡಿ ನೋಡಿದಾಗ ಸಾಮಾನ್ಯವಾಗಿ ನಿಮಗೇ ಆಶ್ಚರ್ಯ ಆಗುತ್ತದೆ.

ಎರಡನೆಯದು, ಖಾಲಿ ಜಾಗವನ್ನು ಬಿಡಿಸುವುದು. ಕುರ್ಚಿಯನ್ನು ಬಿಡಿಸಬೇಡಿ. ಕಾಲುಗಳ ನಡುವೆ ಕಾಣುವ ಗೋಡೆಯ ತುಂಡನ್ನು ಬಿಡಿಸಿ. ಬೆನ್ನಿನ ಪಟ್ಟಿಗಳ ನಡುವಿನ ಸಂದನ್ನು ಬಿಡಿಸಿ. ಆ ತುಂಡುಗಳಿಗೆ ಹೆಸರಿಲ್ಲ, ಹಾಗಾಗಿ ತಲೆಯಲ್ಲಿ ಅವುಗಳ ಅಚ್ಚೂ ಇಲ್ಲ. ಇದ್ದ ಹಾಗೆ ನೋಡದೆ ಬೇರೆ ದಾರಿಯೇ ಇರುವುದಿಲ್ಲ. ಎಲ್ಲ ಸಂದುಗಳನ್ನು ಬಿಡಿಸಿ ಮುಗಿಸಿದರೆ ನಡುವೆ ಕುರ್ಚಿ ತಾನಾಗಿ ನಿಂತಿರುತ್ತದೆ. ನನಗೆ ಮೊದಲ ಸಲ ಸರಿಯಾದ ಕುರ್ಚಿ ಬಂದದ್ದು ಕುರ್ಚಿಯನ್ನು ಬಿಡಿಸದೆ ಇದ್ದಾಗ!

ಮೂರನೆಯದು, ಪೆನ್ಸಿಲ್ಲಿನಿಂದ ಅಳೆಯುವುದು. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಮೊಣಕೈ ಮಡಚಬೇಡಿ. ಒಂದು ಕಣ್ಣು ಮುಚ್ಚಿ. ಪೆನ್ಸಿಲ್ ತುದಿಯನ್ನು ವಸ್ತುವಿನ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚು ಎಲ್ಲಿ ಬರುತ್ತದೋ ಅಲ್ಲಿ ಹೆಬ್ಬೆರಳು ಇಡಿ. ಇದು ಕುರ್ಚಿಯ ಅಗಲ ಅಂದುಕೊಳ್ಳಿ. ಅದೇ ಅಳತೆಯನ್ನು ಎತ್ತರಕ್ಕೆ ತಿರುಗಿಸಿ ಎಣಿಸಿ. ಎರಡೂಕಾಲು ಸಲ ಹಿಡಿಸಿತೇ? ಹಾಳೆಯ ಮೇಲೂ ಅಷ್ಟೇ ಇರಬೇಕು. ಮೊಣಕೈ ಒಂದು ಸಲ ಮಡಚಿ ಒಂದು ಸಲ ಚಾಚಿದರೆ ಅಳತೆ ಬದಲಾಗುತ್ತದೆ, ಎಲ್ಲ ಲೆಕ್ಕ ತಪ್ಪುತ್ತದೆ. ಓರೆ ಗೆರೆಗಳಿಗೂ ಇದೇ ಉಪಾಯ. ಪೆನ್ಸಿಲ್ಲನ್ನು ಆ ಓರೆಗೆ ಹೊಂದಿಸಿ ಹಿಡಿದು, ಕೋನ ಬದಲಾಗದ ಹಾಗೆ ಹಾಳೆಯ ಹತ್ತಿರ ತಂದು ನೋಡಿ.

ಹೀಗೆ ಅಳೆಯುವುದು ಮೋಸ ಅಂತ ಕೆಲವರು ಹಿಂಜರಿಯುತ್ತಾರೆ. ನೆದರ್‌ಲ್ಯಾಂಡ್ಸಿನ ಹೆಸರಾಂತ ಕಲಾವಿದ ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರ ಆಗಬೇಕು ಅಂತ ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಎರಡು ವರ್ಷದ ನಂತರ ಹೇಗ್ ನಗರದಲ್ಲಿದ್ದಾಗ ಅವರು ಒಂದು ಮರದ ಚೌಕಟ್ಟು ಮಾಡಿಸಿಕೊಂಡರು. ಅದಕ್ಕೆ ಉದ್ದ, ಅಡ್ಡ ಮತ್ತು ಮೂಲೆಯಿಂದ ಮೂಲೆಗೆ ದಾರ ಕಟ್ಟಿತ್ತು. ಸಮುದ್ರ ದಂಡೆಯ ಮರಳಿನಲ್ಲಿ ಅದನ್ನು ನೆಟ್ಟು, ಕಿಟಕಿಯಲ್ಲಿ ನೋಡುವ ಹಾಗೆ ನೋಡಿ, ಯಾವ ಗೆರೆ ದಾರದಿಂದ ಎಷ್ಟು ದೂರ ಅಂತ ಹೋಲಿಸಿ ಬಿಡಿಸುತ್ತಿದ್ದರು. ಅಳೆದೂ ಸುರಿದೂ ಕಲಿತ ಮೇಲೆಯೇ ಅವರ ಕೈ ಅಷ್ಟು ಬಿಡುಬೀಸಾಗಿ ಓಡಿದ್ದು.

ನನ್ನ ಚೌಕದ ಗೆರೆಗಳೂ ಇಂಥವೇ ಅಲ್ವಾ ಅಂತ ಕೇಳಬಹುದು. ವ್ಯತ್ಯಾಸ ಇದೆ. ಅವರು ಎದುರಿಗಿರುವ ನಿಜವಾದ ವಸ್ತುವನ್ನು ಹೋಲಿಸಿ ನೋಡುತ್ತಿದ್ದರು. ನಾನು ಆಗಲೇ ಚಪ್ಪಟೆಯಾಗಿದ್ದ ಫೋಟೊವನ್ನು ತುಂಡು ತುಂಡಾಗಿ ಸಾಗಿಸುತ್ತಿದ್ದೆ. ಇಡೀ ಮುಖವನ್ನು ಒಂದು ಸಲವೂ ನೋಡುತ್ತಿರಲಿಲ್ಲ.

ಹೆಜ್ಜೆ 3: ಪೆಟ್ಟಿಗೆ, ಚೆಂಡು, ಕೊಳವೆ, ಶಂಕು

ಈ ನಾಲ್ಕು ಆಕಾರ ಬಂದರೆ ಬಹುಪಾಲು ವಸ್ತುಗಳ ಅಸ್ಥಿಪಂಜರ ಬಂದ ಹಾಗೆ. ತೋಳು ಎರಡು ಕೊಳವೆ. ತಲೆ ಒಂದು ಚೆಂಡು, ಅದಕ್ಕೆ ದವಡೆಯ ತುಂಡು ಜೋಡಿಸಿದ್ದು. ಕಾರು ಒಂದು ಪೆಟ್ಟಿಗೆಯ ಮೇಲೆ ಇನ್ನೊಂದು ಸಣ್ಣ ಪೆಟ್ಟಿಗೆ.

ಅಭ್ಯಾಸ ಹೀಗೆ. ಮನೆಯಲ್ಲಿರುವ ಯಾವುದಾದರೂ ಐದು ವಸ್ತು ತೆಗೆದುಕೊಳ್ಳಿ. ಒಂದೊಂದನ್ನೂ ಎರಡು ನಿಮಿಷದಲ್ಲಿ ಈ ನಾಲ್ಕು ಆಕಾರಗಳಲ್ಲಿ ಮಾತ್ರ ಬಿಡಿಸಿ. ವಿವರ ಬೇಡ, ಶೇಡಿಂಗ್ ಬೇಡ. ಗಾಜಿನ ವಸ್ತುವಿನ ಹಾಗೆ ಹಿಂದಿನ ಅಂಚೂ ಕಾಣುವಂತೆ ಎಳೆಯಿರಿ. ಪೆಟ್ಟಿಗೆಯ ಹಿಂದಿನ ಮೂಲೆ ಎಲ್ಲಿದೆ ಅಂತ ಎಳೆದು ನೋಡಿದರೆ ಮುಂದಿನ ಮೂಲೆಗಳಲ್ಲಿರುವ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹೆಜ್ಜೆ 4: ಒಂದು ಲೋಟ, ಹತ್ತಿರದಿಂದ

ನನ್ನ ಮಟ್ಟಿಗೆ ಬುನಾದಿಯ ಅರ್ಧ ಪಾಠ ಒಂದು ಸಾದಾ ಲೋಟದಲ್ಲಿದೆ. ಹಿಡಿ ಇಲ್ಲದ, ಬಣ್ಣ ಇಲ್ಲದ ಲೋಟ ಸಾಕು.

ಮೊದಲು ಬಿಡಿಸಬೇಡಿ. ಲೋಟವನ್ನು ಕೈಯಲ್ಲಿ ನೇರ ಹಿಡಿದು, ಅದರ ಬಾಯಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವವರೆಗೆ ಎತ್ತಿ. ಒಂದು ಕಣ್ಣು ಮುಚ್ಚಿ. ದುಂಡನೆಯ ಬಾಯಿ ಈಗ ಬರೀ ಒಂದು ಅಡ್ಡಗೆರೆ. ನಿಧಾನವಾಗಿ ಕೆಳಗೆ ಇಳಿಸಿ. ಗೆರೆ ತೆರೆದುಕೊಳ್ಳುತ್ತಾ ಹೋಗುತ್ತದೆ: ಮೊದಲು ತೆಳ್ಳನೆಯ ಎಲಿಪ್ಸ್, ಆಮೇಲೆ ದಪ್ಪ, ಇನ್ನೂ ದಪ್ಪ. ನೇರ ಮೇಲಿಂದ ನೋಡಿದಾಗ ಮಾತ್ರ ಪೂರ್ತಿ ವೃತ್ತ. ಎಲಿಪ್ಸ್ ಅಂದರೆ ಇಷ್ಟೇ, ಓರೆಯಿಂದ ಕಂಡ ವೃತ್ತ.

ಈಗ ಲೋಟವನ್ನು ಮೇಜಿನ ಮೇಲಿಟ್ಟು ಬಿಡಿಸಿ. ಮುಗಿದ ಮೇಲೆ ಮೂರು ಕಡೆ ಹುಡುಕಿ.

ಬಾಯಿಯ ಎರಡೂ ತುದಿ ಚೂಪಾಗಿವೆಯೇ? ಮೇಲಿನ ಬಿಲ್ಲು ಒಂದು ಸಲ, ಕೆಳಗಿನ ಬಿಲ್ಲು ಒಂದು ಸಲ ಎಳೆದು ತುದಿಯಲ್ಲಿ ಕೂಡಿಸಿದರೆ ಹೀಗೆ ಮೀನಿನ ಆಕಾರ ಬರುತ್ತದೆ. ಎಲಿಪ್ಸಿಗೆ ಮೂಲೆ ಇಲ್ಲ. ತುದಿಯಲ್ಲೂ ಅದು ದುಂಡಾಗಿಯೇ ತಿರುಗುತ್ತದೆ. ಭುಜದಿಂದ ಒಂದೇ ಸುತ್ತಿನಲ್ಲಿ, ಬೇಕಾದರೆ ಎರಡು ಸುತ್ತು ಎಳೆಯಿರಿ.

ತಳ ನೇರ ಗೆರೆ ಆಗಿದೆಯೇ? ಲೋಟ ಸಮತಟ್ಟಾದ ಮೇಜಿನ ಮೇಲಿದೆ ಅಂತ ತಲೆಗೆ ಗೊತ್ತಿರುವುದರಿಂದ ಕೈ ತಳವನ್ನು ಚಪ್ಪಟೆ ಮಾಡುತ್ತದೆ. ಆದರೆ ತಳ ನಿಮ್ಮ ಕಣ್ಣಿನಿಂದ ಬಾಯಿಗಿಂತ ಕೆಳಗಿದೆ. ನೀವು ಈಗಷ್ಟೇ ನೋಡಿದ ಹಾಗೆ, ಕೆಳಗೆ ಹೋದಷ್ಟೂ ಎಲಿಪ್ಸ್ ದಪ್ಪವಾಗುತ್ತದೆ. ಅಂದರೆ ತಳದ ಬಿಲ್ಲು ಬಾಯಿಯ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ ಬಾಗಿರಬೇಕು. ಈ ಒಂದು ತಿದ್ದುಪಡಿಯಿಂದ ಲೋಟ ಮೇಜಿನ ಮೇಲೆ ಕೂರುತ್ತದೆ. ಅಲ್ಲಿಯವರೆಗೆ ಅದು ಗೋಡೆಗೆ ಅಂಟಿಸಿದ ಕಾಗದದ ಹಾಗಿರುತ್ತದೆ.

ಎಡ ಬಲ ಒಂದೇ ಸಮ ಇವೆಯೇ? ಮಧ್ಯದಲ್ಲಿ ತಿಳಿಯಾಗಿ ಒಂದು ಲಂಬ ಗೆರೆ ಎಳೆದು, ಎರಡೂ ಕಡೆಯ ದೂರ ಹೋಲಿಸಿ. ನಮ್ಮಲ್ಲಿ ಬಹಳ ಜನರ ಲೋಟ ಒಂದೇ ಕಡೆಗೆ ವಾಲುತ್ತದೆ. ಹಾಳೆಯನ್ನು ಓರೆಯಾಗಿಟ್ಟುಕೊಂಡು ಬಿಡಿಸುವುದೂ ಅದಕ್ಕೊಂದು ಕಾರಣ. ಚಿತ್ರವನ್ನು ಕನ್ನಡಿಗೆ ಹಿಡಿದು ನೋಡಿದರೆ ವಾಲಿದ್ದು ಥಟ್ಟನೆ ಕಾಣುತ್ತದೆ.

ಒಂದೇ ಲೋಟವನ್ನು ಒಂದು ವಾರ ದಿನಾ ಬಿಡಿಸಿ. ಬೇಜಾರಾಗುತ್ತದೆ, ನಿಜ. ಮೇಜಿನ ಮೇಲೆ ಒಂದು ದಿನ, ನೆಲದ ಮೇಲೆ ಒಂದು ದಿನ, ಮಲಗಿಸಿ ಒಂದು ದಿನ ಇಟ್ಟರೆ ಸ್ವಲ್ಪ ತಡೆದುಕೊಳ್ಳಬಹುದು.

ಹೆಜ್ಜೆ 5: ಕಣ್ಣಿನ ಮಟ್ಟ ಹಿಡಿದರೆ ಪರ್ಸ್ಪೆಕ್ಟಿವ್ ಹಿಡಿದ ಹಾಗೆ

ಪರ್ಸ್ಪೆಕ್ಟಿವ್ ಅಂದರೆ ಹತ್ತಿರ, ದೂರ ಕಣ್ಣಿಗೆ ಕಾಣುವ ಹಾಗೇ ಹಾಳೆಗೆ ಇಳಿಸುವ ವಿಧಾನ. ಆ ಹೆಸರು ಕೇಳಿದ ಕೂಡಲೇ ಸ್ಕೇಲು, ಕೋನ, ಲೆಕ್ಕ ನೆನಪಾಗಿ ಅರ್ಧ ಜನ ಪುಟ ಮಗುಚುತ್ತಾರೆ. ಲೋಟದ ಆಟ ಅರ್ಥವಾಗಿದ್ದರೆ ನಿಮಗೆ ಇದರ ಮುಖ್ಯ ವಿಷಯ ಆಗಲೇ ಗೊತ್ತಾಗಿದೆ. ಕಣ್ಣಿನ ಮಟ್ಟದಲ್ಲಿರುವುದು ಗೆರೆಯಾಗಿ ಕಾಣುತ್ತದೆ, ಅದರಿಂದ ದೂರ ಹೋದಷ್ಟೂ ಬಿಚ್ಚಿಕೊಳ್ಳುತ್ತದೆ.

ಒಂದು ಉದ್ದ ಓಣಿಯ ಮಧ್ಯೆ ನಿಂತು ನೋಡಿ. ನೆಲದ ಅಂಚುಗಳು ದೂರ ಹೋಗುತ್ತಾ ಮೇಲೇರುತ್ತವೆ. ಸೂರಿನ ಅಂಚುಗಳು ಕೆಳಗಿಳಿಯುತ್ತವೆ. ಎಲ್ಲವೂ ಒಂದೇ ಚುಕ್ಕಿಯ ಕಡೆ ಓಡುತ್ತವೆ. ಆ ಚುಕ್ಕಿ ನಿಮ್ಮ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಅದೇ ವ್ಯಾನಿಷಿಂಗ್ ಪಾಯಿಂಟ್. ಈಗ ಅಲ್ಲೇ ನೆಲದ ಮೇಲೆ ಕೂತುಕೊಳ್ಳಿ. ಚುಕ್ಕಿಯೂ ನಿಮ್ಮ ಜೊತೆ ಇಳಿಯುತ್ತದೆ.

ಇಷ್ಟು ಸರಳ ಅನ್ನಿಸಿದರೂ ಜನ ಇದನ್ನು ನಿಯಮವಾಗಿ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ಇಟಲಿಯ ಫ್ಲಾರೆನ್ಸಿನ ವಾಸ್ತುಶಿಲ್ಪಿ ಫಿಲಿಪ್ಪೊ ಬ್ರುನೆಲೆಸ್ಕಿ 15ನೇ ಶತಮಾನದ ಆರಂಭದಲ್ಲಿ ಹಲಗೆಯ ಮೇಲೆ ಒಂದು ಕಟ್ಟಡದ ಚಿತ್ರ ಬರೆದು, ಆ ಹಲಗೆಯಲ್ಲೇ ತೂತು ಕೊರೆದು, ಹಿಂದಿನಿಂದ ಆ ತೂತಿನಲ್ಲಿ ಇಣುಕಿ ಕನ್ನಡಿಯಲ್ಲಿ ಚಿತ್ರವನ್ನು ನೋಡುವ ಹಾಗೆ ಮಾಡಿದರು. ಕನ್ನಡಿ ತೆಗೆದರೆ ಅದೇ ಜಾಗದಲ್ಲಿ ನಿಜವಾದ ಕಟ್ಟಡ ಕಾಣುತ್ತಿತ್ತು. 1435ರಲ್ಲಿ ಇಟಲಿಯವರೇ ಆದ ಲಿಯೋನ್ ಬಟಿಸ್ಟಾ ಆಲ್ಬರ್ಟಿ ಈ ವಿಧಾನವನ್ನು ಬರೆದಿಟ್ಟರು. ಹಾಗಾಗಿ ಮೊದಲ ತಿಂಗಳಲ್ಲಿ ಇದು ತಲೆಗೆ ಹತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಇದಿಲ್ಲದೆಯೂ ಅದ್ಭುತ ಚಿತ್ರಗಳು ಬಂದಿವೆ ಅನ್ನುವುದೂ ನಿಜ. ಹಳೆಯ ಮಿನಿಯೇಚರ್ ಚಿತ್ರಗಳಲ್ಲಿ, ಅಂದರೆ ಪುಟ್ಟ ಅಳತೆಯ ಸೂಕ್ಷ್ಮ ಚಿತ್ರಗಳಲ್ಲಿ, ಅಂಗಳವನ್ನು ಮೇಲಿಂದ, ಜನರನ್ನು ಪಕ್ಕದಿಂದ ತೋರಿಸಿರುತ್ತಾರೆ, ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಆದರೆ ಅದು ಅವರು ಬೇಕೆಂದೇ ಆರಿಸಿಕೊಂಡ ದಾರಿ. ನನ್ನ ಕುರ್ಚಿ ಹಾಗಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಮೊದಲು, ಕೋಣೆ ಅಥವಾ ರಸ್ತೆಯ ಒಂದು ಮುದ್ರಿತ ಫೋಟೊ ತೆಗೆದುಕೊಂಡು ಸ್ಕೇಲಿನಿಂದ ಗೆರೆಗಳನ್ನು ಮುಂದುವರಿಸಿ, ಅವು ಎಲ್ಲಿ ಸೇರುತ್ತವೆ ನೋಡಿ. ಹತ್ತು ಫೋಟೊ ಹೀಗೆ ಕೊಯ್ದರೆ ಕಣ್ಣಿಗೆ ರೂಢಿಯಾಗುತ್ತದೆ. ಆಮೇಲೆ ಒಂದು ಅಡ್ಡಗೆರೆ ಎಳೆದು, ಅದರ ಮೇಲೊಂದು ಚುಕ್ಕಿ ಇಟ್ಟು, ಗೆರೆಯ ಕೆಳಗೆ, ಮೇಲೆ, ನಡುವೆ ಪೆಟ್ಟಿಗೆಗಳನ್ನು ಬಿಡಿಸಿ. ಆಮೇಲೆ ಎರಡು ಚುಕ್ಕಿ ಇಟ್ಟು, ಮೂಲೆ ನಮ್ಮ ಕಡೆ ಇರುವ ಪೆಟ್ಟಿಗೆ. ಇಲ್ಲಿ ಎಲ್ಲರೂ ಎಡವುವುದು ಎರಡು ಚುಕ್ಕಿಗಳನ್ನೂ ಹತ್ತಿರ ಹತ್ತಿರ ಇಟ್ಟು. ಪೆಟ್ಟಿಗೆಯ ಮೂಲೆ ಚೂಪಾಗಿ ಮುಖಕ್ಕೆ ಚುಚ್ಚುವ ಹಾಗೆ ಕಾಣುತ್ತದೆ. ಒಂದು ಚುಕ್ಕಿಯಾದರೂ ಹಾಳೆಯ ಆಚೆ ಇರಲಿ. ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿಕೊಂಡರಾಯಿತು.

ಕುರ್ಚಿಗೆ ಈಗ ವಾಪಸು ಬರೋಣ. ಮೊದಲು ಇಡೀ ಕುರ್ಚಿ ಹಿಡಿಸುವಂಥ ಪೆಟ್ಟಿಗೆ ಬಿಡಿಸಿ. ನಾಲ್ಕು ಕಾಲುಗಳ ತುದಿ ಪೆಟ್ಟಿಗೆಯ ತಳದ ನಾಲ್ಕು ಮೂಲೆಗಳಲ್ಲಿರುತ್ತದೆ. ಆ ತಳವೂ ಮೇಲಿಂದ ಕಾಣುವ ಚೌಕವಾದ್ದರಿಂದ ಹಿಂದಿನ ಮೂಲೆಗಳು ಹಾಳೆಯ ಮೇಲೆ ಮುಂದಿನವುಗಳಿಗಿಂತ ಮೇಲಿರುತ್ತವೆ. ನಾನು ನಾಲ್ಕೂ ಕಾಲನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿದ್ದೆ. ಕೂರುವ ಹಲಗೆ ಕಣ್ಣಿಗೆ ಹತ್ತಿರವಾದ ಮಟ್ಟದಲ್ಲಿದೆ, ಹಾಗಾಗಿ ಅದು ತಳಕ್ಕಿಂತ ತೆಳ್ಳಗೆ ಕಾಣಬೇಕು. ನಾನು ಅದನ್ನೇ ಎಲ್ಲಕ್ಕಿಂತ ಅಗಲ ಮಾಡಿದ್ದೆ. ದೊಡ್ಡ ತಪ್ಪು ಅಂತ ಇದ್ದದ್ದು ಈ ಎರಡೇ. ಆ ಒಂದು ಗಂಟೆಯ ಶೇಡಿಂಗ್ ಎರಡನ್ನೂ ಮುಟ್ಟಿರಲಿಲ್ಲ.

ಹೆಜ್ಜೆ 6: ಬೆಳಕು, ನೆರಳು

ಒಂದು ಬಿಳಿ ಚೆಂಡು ತೆಗೆದುಕೊಳ್ಳಿ. ಬಿಳಿ ಹಾಳೆಯ ಮೇಲಿಡಿ. ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಟೇಬಲ್ ಲ್ಯಾಂಪನ್ನು ಪಕ್ಕದಿಂದ, ಸ್ವಲ್ಪ ಮೇಲಿಂದ ಬೀಳುವ ಹಾಗೆ ಇಡಿ. ಒಂದಕ್ಕಿಂತ ಹೆಚ್ಚು ದೀಪ ಇದ್ದರೆ ನೆರಳುಗಳು ಕಲಸುಮೇಲೋಗರ ಆಗುತ್ತವೆ, ಏನೂ ಕಲಿಯಲು ಆಗುವುದಿಲ್ಲ.

ಈಗ ಕಣ್ಣು ಅರ್ಧ ಮುಚ್ಚಿ, ರೆಪ್ಪೆಗಳ ಸಂದಿನಿಂದ ನೋಡಿ. ಸಣ್ಣ ವಿವರ ಅಳಿಸಿಹೋಗಿ ಎರಡೇ ಭಾಗ ಉಳಿಯುತ್ತದೆ: ಬೆಳಕಿನ ಕಡೆ, ನೆರಳಿನ ಕಡೆ. ಮೊದಲು ಆ ಎರಡರ ನಡುವಿನ ಗಡಿಯನ್ನು ತಿಳಿಯಾಗಿ ಎಳೆದು, ನೆರಳಿನ ಕಡೆಯನ್ನೆಲ್ಲ ಒಂದೇ ಸಮನಾದ ಬೂದು ಬಣ್ಣದಲ್ಲಿ ತುಂಬಿ. ಮೇಜಿನ ಮೇಲೆ ಬಿದ್ದ ನೆರಳನ್ನೂ ಸೇರಿಸಿ. ಇಷ್ಟಕ್ಕೇ ಚೆಂಡು ದುಂಡಗಾಗಲು ಶುರುವಾಗುತ್ತದೆ.

ಆಮೇಲೆ ಕಣ್ಣು ಪೂರ್ತಿ ತೆರೆದು ಗಮನಿಸಿ. ಚೆಂಡಿನ ಮೇಲೆ ಅತಿ ಕಪ್ಪು ಜಾಗ ಅದರ ಅಂಚಿನಲ್ಲಿ ಇಲ್ಲ! ಬೆಳಕು ಮುಗಿದು ನೆರಳು ಶುರುವಾಗುವ ಕಡೆ ಒಂದು ಕಪ್ಪು ಪಟ್ಟಿ ಇದೆ. ಅದರಾಚೆ, ಅಂಚಿನ ಹತ್ತಿರ, ನೆರಳು ಮತ್ತೆ ಸ್ವಲ್ಪ ತಿಳಿಯಾಗುತ್ತದೆ. ಕೆಳಗಿನ ಬಿಳಿ ಹಾಳೆಗೆ ಬಿದ್ದ ಬೆಳಕು ಪುಟಿದು ಚೆಂಡಿಗೆ ತಾಗುವುದರಿಂದ ಹಾಗಾಗುತ್ತದೆ. ಬಿಳಿ ಹಾಳೆಯ ಬದಲು ಕಪ್ಪು ಬಟ್ಟೆ ಹಾಸಿ ನೋಡಿ, ಆ ತಿಳಿ ಮಾಯ. ಬಟ್ಟೆಯನ್ನು ಸರಕ್ಕನೆ ಎಳೆದು ಮತ್ತೆ ಹಾಕಿ ನಾಲ್ಕು ಸಲ ನೋಡಿದರೆ ಇದು ಜನ್ಮದಲ್ಲಿ ಮರೆಯುವುದಿಲ್ಲ.

ಇದನ್ನು ಕಲಿತ ಹೊಸದರಲ್ಲಿ ಒಂದು ಅತಿರೇಕ ಆಗುತ್ತದೆ. ಪುಟಿದ ಬೆಳಕು ಕಂಡಿತು ಅನ್ನುವ ಖುಷಿಗೆ ಅದನ್ನು ಬೆಳ್ಳಗೆ ಮಾಡಿಬಿಡುತ್ತೇವೆ. ಚೆಂಡು ತಗಡಿನ ಹಾಗೆ ಕಾಣುತ್ತದೆ. ಇಂಥ ಚೆಂಡಿನಲ್ಲಿ ನೆರಳಿನ ಕಡೆಯ ಅತಿ ತಿಳಿ ಜಾಗವೂ ಬೆಳಕಿನ ಕಡೆಯ ಅತಿ ಮಂಕು ಜಾಗಕ್ಕಿಂತ ಕಪ್ಪಾಗಿಯೇ ಇರಬೇಕು. ಅನುಮಾನ ಬಂದರೆ ಕಣ್ಣು ಅರ್ಧ ಮುಚ್ಚಿ ನೋಡಿ, ಅದು ನೆರಳಿನೊಳಗೇ ಕರಗಬೇಕು.

ಇನ್ನೊಂದು ವಿಷಯ. ಹೊಸಬರ ಚಿತ್ರ ಸಪ್ಪೆಯಾಗಿ ಕಾಣಲು ಮುಖ್ಯ ಕಾರಣ ಭಯ. ಕಪ್ಪು ಮಾಡಲು ಕೈ ಬರುವುದಿಲ್ಲ, ಎಲ್ಲವೂ ನಡುವಿನ ಬೂದು ಬಣ್ಣದಲ್ಲೇ ಮುಗಿಯುತ್ತದೆ. ಇದಕ್ಕೆ ಐದು ಚೌಕ ಬಿಡಿಸಿ. ಮೊದಲನೆಯದನ್ನು ಹಾಗೇ ಬಿಳಿ ಬಿಡಿ. ಐದನೆಯದನ್ನು 4ಬಿ ಪೆನ್ಸಿಲ್ಲಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಕಪ್ಪು ಮಾಡಿ. ನಡುವಿನ ಮೂರನ್ನು ಸಮನಾದ ಮೆಟ್ಟಿಲುಗಳ ಹಾಗೆ ತುಂಬಿ. ಈ ಪಟ್ಟಿಯನ್ನು ಕತ್ತರಿಸಿ ಜೊತೆಗಿಟ್ಟುಕೊಳ್ಳಿ. ಚಿತ್ರ ಮುಗಿಯಿತು ಅನ್ನಿಸಿದಾಗ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಐದನೇ ಚೌಕದ ಕಪ್ಪು ಎಲ್ಲೂ ಇಲ್ಲದಿದ್ದರೆ ಬಹುಶಃ ಚಿತ್ರ ಇನ್ನೂ ಮುಗಿದಿಲ್ಲ.

ಬೆರಳಿನಿಂದ ಉಜ್ಜಿ ನುಣ್ಣಗೆ ಮಾಡುವುದನ್ನು ಮೊದಲ ಆರು ತಿಂಗಳು ಬಿಟ್ಟುಬಿಡಿ. ಉಜ್ಜಿದರೆ ತಪ್ಪು ಗಡಿಯೂ ನುಣ್ಣಗೆ ಕಾಣುತ್ತದೆ, ಮೋಸ ಹೋಗುತ್ತೀರಿ.

ಹೆಜ್ಜೆ 7: ಜನರನ್ನು ಬಿಡಿಸುವ ಮೊದಲು

ಇದೊಂದು ಸಮುದ್ರ. ಇಲ್ಲಿ ದಡ ಮಾತ್ರ ತೋರಿಸುತ್ತೇನೆ. ಕಣ್ಣುಗಳು ತಲೆಯ ಎತ್ತರದ ಸರಿಯಾಗಿ ಮಧ್ಯದಲ್ಲಿರುತ್ತವೆ, ಹೆಚ್ಚುಕಮ್ಮಿ. ನಂಬಿಕೆ ಬರದಿದ್ದರೆ ಕನ್ನಡಿಯ ಮುಂದೆ ನಿಂತು ಪೆನ್ಸಿಲ್ಲಿನಿಂದ ಅಳೆಯಿರಿ. ನಾವು ಮುಖದ ಮೇಲೆ ಗಮನ ಇಟ್ಟು ಹಣೆ, ನೆತ್ತಿಯನ್ನು ಮರೆಯುವುದರಿಂದ ಕಣ್ಣನ್ನು ಮೇಲೆ ಕೂರಿಸುತ್ತೇವೆ, ತಲೆ ಮೊಟಕಾಗುತ್ತದೆ. ದೊಡ್ಡವರ ಎತ್ತರ ಅವರ ತಲೆಯ ಏಳರಿಂದ ಏಳೂವರೆ ಪಟ್ಟು. ವರ್ಷದ ಮಗುವಿನದು ಸುಮಾರು ನಾಲ್ಕು ಪಟ್ಟು. ಮಗುವನ್ನು ಬಿಡಿಸಿದರೆ ಕುಳ್ಳ ಮನುಷ್ಯ ಆಗುವುದು ಈ ಲೆಕ್ಕ ಮರೆತಾಗ.

ಜೊತೆಗೆ ದಿನಾ ಐದು ನಿಮಿಷ, ಓಡಾಡುವ ಜನರನ್ನು ಮೂವತ್ತು ಸೆಕೆಂಡಿನಲ್ಲಿ ಒಂದೊಂದು ಗೀಚಿ. ಮುಖ ಬೇಡ, ಬೆರಳು ಬೇಡ. ಬೆನ್ನು ಹೇಗೆ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟೇ.

ದಿನಕ್ಕೆ ಎಷ್ಟು, ಎಷ್ಟು ದಿನ

ಬುನಾದಿಯ ಬಗ್ಗೆ ಓದಿದವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಐನೂರು ಪೆಟ್ಟಿಗೆ ಬಿಡಿಸಿ ಮುಗಿಸುವವರೆಗೆ ಇಷ್ಟದ ಚಿತ್ರ ಮುಟ್ಟುವುದಿಲ್ಲ ಅಂತ ಶಪಥ ಮಾಡುತ್ತಾರೆ. ಇನ್ನೂರನೇ ಪೆಟ್ಟಿಗೆಗೆ ಪೆನ್ಸಿಲ್ ಎತ್ತಿಟ್ಟು ಬಿಡುತ್ತಾರೆ. ನನ್ನ ಲೆಕ್ಕ ಬೇರೆ. ದಿನಕ್ಕೆ ಅರ್ಧ ಗಂಟೆ ಇದ್ದರೆ ಹದಿನೈದು ನಿಮಿಷ ಅಭ್ಯಾಸ, ಹದಿನೈದು ನಿಮಿಷ ನಿಮಗೆ ಇಷ್ಟವಾದದ್ದು. ಡ್ರ್ಯಾಗನ್ ಇಷ್ಟವೇ, ಡ್ರ್ಯಾಗನ್ ಬಿಡಿಸಿ. ಬಾಲ ಒಂದು ಕೊಳವೆ ಅಂತ ಆಗ ತಾನಾಗಿ ಹೊಳೆಯುತ್ತದೆ, ಅಭ್ಯಾಸಕ್ಕೂ ಒಂದು ಅರ್ಥ ಬರುತ್ತದೆ.

ಭಾನುವಾರ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು. ಹಾಡ್ತಾ ಹಾಡ್ತಾ ರಾಗ ಅನ್ನುವುದು ಕೈಗೂ ಅನ್ವಯಿಸುತ್ತದೆ. ಗೆರೆಗೆ ಎರಡು ವಾರ, ನೋಡುವುದಕ್ಕೆ ಒಂದು ತಿಂಗಳು, ಆಕಾರ ಮತ್ತು ಲೋಟಕ್ಕೆ ಮೂರು ವಾರ, ಪರ್ಸ್ಪೆಕ್ಟಿವ್‌ಗೆ ಒಂದು ತಿಂಗಳು, ಬೆಳಕಿಗೆ ಒಂದು ತಿಂಗಳು. ಇದು ಅಂದಾಜು. ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿಂದ ಬಂದರೆ ಅದೇ ಪಾಠ ಬೇರೆ ಥರ ಕಾಣುತ್ತದೆ.

ಬೇರೆಯವರ ಚಿತ್ರ ನಕಲು ಮಾಡಬಹುದಾ? ಧಾರಾಳವಾಗಿ. ವ್ಯಾನ್ ಗೋ ಕೂಡ ಶುರುವಿನಲ್ಲಿ ಚಾರ್ಲ್ಸ್ ಬಾರ್ಗ್ ಅನ್ನುವವರು ವಿದ್ಯಾರ್ಥಿಗಳಿಗಾಗಿ ತಯಾರಿಸಿದ ಮಾದರಿ ಚಿತ್ರಗಳನ್ನು ಕೂತು ನಕಲು ಮಾಡಿದ್ದರು. ನಕಲು ಮಾಡಿದ್ದನ್ನು ನಕಲು ಅಂತಲೇ ಹೇಳಿ, ಅಷ್ಟೇ. ಕೆಳಗೆ ಚಿತ್ರ ಇಟ್ಟು ಮೇಲೆ ತೆಳು ಹಾಳೆ ಹಾಕಿ ಟ್ರೇಸ್ ಮಾಡುವುದೂ ಪಾಪವಲ್ಲ. ಆದರೆ ಅದರಲ್ಲಿ ಪಳಗುವುದು ಕೈ ಮಾತ್ರ. ಟ್ರೇಸ್ ಮಾಡಿದ ಕೂಡಲೇ ಅದನ್ನು ಪಕ್ಕಕ್ಕಿಟ್ಟು, ನೋಡದೆ ಮತ್ತೊಮ್ಮೆ ಬಿಡಿಸಿ. ಕಣ್ಣು ಕಲಿಯುವುದು ಆಗ.

ಟ್ಯಾಬ್ಲೆಟ್ಟಿನಲ್ಲಿ ಬಿಡಿಸುವವರಿಗೂ ಇದೆಲ್ಲ ಹಾಗೇ ಅನ್ವಯ. ಎರಡು ಎಚ್ಚರ ಮಾತ್ರ. ಗೆರೆಯನ್ನು ತಾನೇ ನುಣ್ಣಗೆ ಮಾಡುವ ಸ್ಟೆಬಿಲೈಸರನ್ನು ಅಭ್ಯಾಸದ ಹೊತ್ತಿನಲ್ಲಿ ಆಫ್ ಮಾಡಿ. ಅನ್‌ಡು ಗುಂಡಿಯನ್ನೂ ಆ ಹದಿನೈದು ನಿಮಿಷ ಮರೆತುಬಿಡಿ. ಒಂದೇ ಗೆರೆಗೆ ಇಪ್ಪತ್ತು ಸಲ ಅನ್‌ಡು ಒತ್ತಿದರೆ ಇಪ್ಪತ್ತೊಂದನೆಯದು ಸರಿ ಬರಬಹುದು, ಹೇಗೆ ಬಂತು ಅಂತ ಮಾತ್ರ ಗೊತ್ತಾಗುವುದಿಲ್ಲ.

ತಪ್ಪು ಹುಡುಕುವ ದಿನ

ವಾರಕ್ಕೊಮ್ಮೆ ಹೊಸದೇನನ್ನೂ ಬಿಡಿಸಬೇಡಿ. ಆ ವಾರದ ಹಾಳೆಗಳನ್ನು ಗೋಡೆಗೆ ಒರಗಿಸಿ, ಆರಡಿ ದೂರ ನಿಂತು ನೋಡಿ. ಕನ್ನಡಿಯಲ್ಲಿ ನೋಡಿ. ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಒಂದು ಕೆಂಪು ಪೆನ್ನು ಹಿಡಿದು ಪ್ರತಿ ಹಾಳೆಯಲ್ಲೂ ಒಂದೇ ಒಂದು ತಪ್ಪನ್ನು ಗುರುತು ಮಾಡಿ, ಪಕ್ಕದಲ್ಲಿ ಒಂದು ಸಾಲು ಬರೆಯಿರಿ. 'ಚೆನ್ನಾಗಿಲ್ಲ' ಅಂತ ಬರೆಯುವ ಹಾಗಿಲ್ಲ. 'ಎಡಗಡೆ ಎಲಿಪ್ಸ್ ಚೂಪು', 'ಮೇಜಿನ ಅಂಚು ಚುಕ್ಕಿಗೆ ಹೋಗುತ್ತಿಲ್ಲ', 'ನೆರಳಿನಲ್ಲಿ ಬೆಳ್ಳಗೆ ಜಾಸ್ತಿ', ಹೀಗಿರಬೇಕು. ಮುಂದಿನ ವಾರದ ಹದಿನೈದು ನಿಮಿಷಕ್ಕೆ ಏನು ಅಭ್ಯಾಸ ಮಾಡಬೇಕು ಅಂತ ಆ ಸಾಲುಗಳೇ ಹೇಳುತ್ತವೆ.

ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಯಾವುದನ್ನೂ ಎಸೆಯಬೇಡಿ. ಆರು ತಿಂಗಳಾದ ಮೇಲೆ ಮೊದಲ ದಿನ ಬಿಡಿಸಿದ ವಸ್ತುವನ್ನೇ ಅದೇ ಜಾಗದಲ್ಲಿಟ್ಟು, ಹಳೆಯ ಹಾಳೆ ನೋಡದೆ ಮತ್ತೆ ಬಿಡಿಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೆಂಪು ಪೆನ್ನು ತೆಗೆದುಕೊಳ್ಳಿ. ನನ್ನ ಆ ಹಳೆಯ ಕುರ್ಚಿಯ ಹಾಳೆಯಲ್ಲಿ ಈಗ ಹನ್ನೊಂದು ಕೆಂಪು ಗುರುತುಗಳಿವೆ. ಹೊಸದರಲ್ಲಿ ನಾಲ್ಕು, ಅದರಲ್ಲಿ ಒಂದು ಹಿಂದಿನ ಕಾಲಿಗೇ.